ಬರಿಗಾಲೋ, ದಪ್ಪ ಶೂವೋ: ಓಟಗಾರರ ಕಾಲು ನೋಯುವುದು ಯಾವುದರಿಂದ?

ಓಟದ ಶೂಗಳ ಬಗ್ಗೆ ಈಚೆಗೆ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದರೆ ತಲೆ ಗಿರ್ರೆನ್ನುತ್ತದೆ. 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು. ಅವರ ಕಾಲಲ್ಲಿದ್ದದ್ದು ದಪ್ಪ ಫೋಮಿನ ಅಟ್ಟೆ, ಅದರೊಳಗೆ ಕಾರ್ಬನ್ ತಗಡು ಇರುವ ಶೂ. ಇಂಥ ಶೂಗಳು ಓಟಗಾರರಿಗೆ ಎಷ್ಟು ನೆರವಾಗುತ್ತವೆ ಎಂದರೆ, ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲೇ ಮಧ್ಯೆ ಬರಬೇಕಾಯಿತು. ರಸ್ತೆ ಓಟದ ಶೂವಿನ ಅಟ್ಟೆ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದಕ್ಕಿಂತ ಜಾಸ್ತಿ ತಗಡು ಇರಬಾರದು ಎಂದು ಅದು ನಿಯಮ ಮಾಡಿತು.

ಅತ್ತ ಫೋನ್ ತೆರೆದರೆ ಬೇರೆಯದೇ ಪಾಠ. ನಿಮ್ಮ ಕಾಲು ಹಾಳು ಮಾಡಿದ್ದೇ ಶೂ, ಅದನ್ನು ಬಿಚ್ಚಿ ಎಸೆಯಿರಿ, ಇಲ್ಲವೇ ಕಾಗದದಷ್ಟು ತೆಳ್ಳಗಿನ 'ಬೇರ್‌ಫುಟ್ ಶೂ' ಹಾಕಿ, ಹಿಮ್ಮಡಿ ಊರಬೇಡಿ, ಪಾದದ ಮುಂಭಾಗವನ್ನೇ ಮೊದಲು ಊರಿ, ಅಂದರೆ ಮುಂಗಾಲಲ್ಲಿ ಇಳಿಯಿರಿ ಎನ್ನುವ ರೀಲ್ಸ್‌ಗಳಿಗೆ ಲೆಕ್ಕವಿಲ್ಲ. ನಟ ಮಿಲಿಂದ್ ಸೋಮನ್ ಬರಿಗಾಲಲ್ಲಿ ಓಡುವ ಚಿತ್ರಗಳಂತೂ ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಇವೆರಡರ ನಡುವೆ 2025ರಲ್ಲಿ ಮೂರನೆಯ ಸುದ್ದಿ ಬಂತು. ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ, 87 ದೇಶಗಳ ಸುಮಾರು 5,200 ಓಟಗಾರರನ್ನು 18 ತಿಂಗಳು ಗಮನಿಸಿತ್ತು. ಅದರ ತೀರ್ಮಾನದಲ್ಲಿ ಶೂ, ಹಿಮ್ಮಡಿ, ಮುಂಗಾಲು ಯಾವುದರ ಮಾತೂ ಇರಲಿಲ್ಲ. ಒಂದೇ ದಿನ ರೂಢಿಗಿಂತ ಜಾಸ್ತಿ ದೂರ ಓಡಿದವರಿಗೆ ಪೆಟ್ಟು ಜಾಸ್ತಿ ಎಂದಷ್ಟೇ ಅದು ಹೇಳಿತು.

ಹಾಗಾದರೆ ಯಾರ ಮಾತು ನಂಬುವುದು? ಮೂರರಲ್ಲೂ ಒಂದೊಂದು ತುಂಡು ಸತ್ಯವಿದೆ. ಅದನ್ನು ಜೋಡಿಸಬೇಕಾದರೆ ಓಡುವಾಗ ಮೈಭಾರ ಕಾಲಿನ ಯಾವ ಭಾಗದ ಮೇಲೆ ಬೀಳುತ್ತದೆ ಎನ್ನುವುದನ್ನು ಮೊದಲು ನೋಡಬೇಕು.

ಜಗಳ ಶುರುವಾದದ್ದು

ಬರಿಗಾಲಿನ ಓಟದ ಮಾತು ಬಂದಾಗಲೆಲ್ಲ ಅಬೆಬೆ ಬಿಕಿಲಾ ಹೆಸರು ಬರುತ್ತದೆ. ಇಥಿಯೋಪಿಯಾದ ಈ ಸೈನಿಕ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದರು. ತೆಗೆದುಕೊಂಡದ್ದು 2 ಗಂಟೆ 15 ನಿಮಿಷ 16 ಸೆಕೆಂಡ್. ಆದರೆ ಕತೆಯ ಉಳಿದರ್ಧವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಅವರು ಶೂ ಹಾಕಿಕೊಂಡು ಓಡಿದರು. ಮತ್ತೆ ಗೆದ್ದರು, ಮೂರು ನಿಮಿಷ ಬೇಗನೆ. ಬಿಕಿಲಾ ಬರಿಗಾಲಿಗೂ ಸಾಕ್ಷಿ, ಶೂವಿಗೂ ಸಾಕ್ಷಿ. ಅಂದರೆ ಎರಡಕ್ಕೂ ಅಲ್ಲ.

1970ರ ದಶಕದಲ್ಲಿ ಅಮೆರಿಕದಲ್ಲಿ ಜಾಗಿಂಗ್ ಹುಚ್ಚು ಹಬ್ಬಿತು. ಆಫೀಸಿನಲ್ಲಿ ಕೂತು ಕೆಲಸ ಮಾಡುವ ಮಧ್ಯವಯಸ್ಕರು ರಸ್ತೆಗಿಳಿದರು. ಅವರಿಗಾಗಿ ಕಂಪನಿಗಳು ಹಿಮ್ಮಡಿಯ ಕೆಳಗೆ ಮೆತ್ತೆ ಇಟ್ಟು ಶೂ ಮಾಡಿದವು. ಹಿಮ್ಮಡಿ ಮುಂಗಾಲಿಗಿಂತ 10-12 ಮಿಲಿಮೀಟರ್ ಎತ್ತರದಲ್ಲಿರುವುದೇ ರೂಢಿಯಾಯಿತು. ಪಾದ ಒಳಗೆ ವಾಲದಂತೆ ತಡೆಯುವ ಗಟ್ಟಿ ಪಟ್ಟಿಗಳು ಬಂದವು. ಅಂಗಡಿಯಲ್ಲಿ ನಿಮ್ಮ ಪಾದ ಚಪ್ಪಟೆಯೋ ಕಮಾನೋ ಎಂದು ನೋಡಿ ಶೂ ಕೊಡುವ ಪದ್ಧತಿ ಬೆಳೆಯಿತು. ಮೂವತ್ತು ವರ್ಷ ಇದೇ ನಡೆಯಿತು. ಆದರೂ ಓಟಗಾರರ ಮಂಡಿನೋವು, ಹಿಮ್ಮಡಿನೋವು ಕಮ್ಮಿಯಾದಂತೆ ಕಾಣಲಿಲ್ಲ.

ಈ ಅಸಮಾಧಾನ ಒಣಹುಲ್ಲಿನಂತೆ ಕಾದಿತ್ತು, ಕಿಡಿ ಬಿದ್ದದ್ದು 2009-10ರಲ್ಲಿ. ಮೆಕ್ಸಿಕೋದ ತಾಮ್ರ ಕಣಿವೆಯಲ್ಲಿ ತೆಳ್ಳನೆ ಚಪ್ಪಲಿ ಕಟ್ಟಿಕೊಂಡು ಹತ್ತಾರು ಮೈಲಿ ಓಡುವ ರರಾಮುರಿ ಜನರ ಬಗ್ಗೆ ಅಮೆರಿಕದ ಪತ್ರಕರ್ತರೊಬ್ಬರು ಬರೆದ ಪುಸ್ತಕ ಜನಪ್ರಿಯವಾಯಿತು. (ಆ ಚಪ್ಪಲಿಗಳನ್ನು ಈಗ ಹಳೆಯ ಟೈರಿನಿಂದ ಕತ್ತರಿಸಿ ಮಾಡುತ್ತಾರೆ. ನಮ್ಮ ಹಳ್ಳಿಗಳ ಟೈರ್ ಚಪ್ಪಲಿ ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.) 2010ರ ಜನವರಿಯಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರ ಸಂಶೋಧನೆ ನೇಚರ್ ಪತ್ರಿಕೆಯಲ್ಲಿ ಬಂತು. ಬರಿಗಾಲಲ್ಲೇ ಬೆಳೆದ ಓಟಗಾರರು ಹೆಚ್ಚಾಗಿ ಮುಂಗಾಲಲ್ಲಿ ಇಳಿಯುತ್ತಾರೆ, ಶೂ ಹಾಕಿ ಬೆಳೆದವರು ಹಿಮ್ಮಡಿಯಲ್ಲಿ ಇಳಿಯುತ್ತಾರೆ, ಮುಂಗಾಲಲ್ಲಿ ಇಳಿದರೆ ನೆಲದಿಂದ ಬರುವ ಮೊದಲ ಏಟು ಬಹಳ ಕಮ್ಮಿ ಎಂದು ಅದು ತೋರಿಸಿತು. ಇದರಿಂದ ಗಾಯ ಕಮ್ಮಿಯಾಗುತ್ತದೆ ಎಂದು ಆ ಸಂಶೋಧಕರು ಸಾಬೀತು ಮಾಡಿರಲಿಲ್ಲ. ಜನ ಹಾಗೆ ಓದಿಕೊಂಡರು.

ತೆಳು ಅಟ್ಟೆಯ, ಐದೂ ಬೆರಳಿಗೆ ಬೇರೆ ಬೇರೆ ಗೂಡಿರುವ ವೈಬ್ರಮ್ ಫೈವ್‌ಫಿಂಗರ್ಸ್ ಶೂ ಆಗ ಭರ್ಜರಿಯಾಗಿ ಮಾರಾಟವಾಯಿತು. ನೇಚರ್‌ನ ಆ ಸಂಶೋಧನೆಗೆ ಹಣ ಕೊಟ್ಟವರಲ್ಲಿ ವೈಬ್ರಮ್‌ನ ಅಮೆರಿಕ ಶಾಖೆಯೂ ಇತ್ತು. ಪ್ರಬಂಧದಲ್ಲೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. 2012ರಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. ಗಾಯ ಕಮ್ಮಿಯಾಗುತ್ತದೆ, ಪಾದದ ಸ್ನಾಯು ಬಲವಾಗುತ್ತದೆ ಎಂಬ ಜಾಹೀರಾತಿಗೆ ಆಧಾರವಿಲ್ಲ ಎನ್ನುವುದು ಅವರ ದೂರು. 2014ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ 37.5 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಬರಿಗಾಲಿನ ಮೊದಲ ಅಲೆ ಅಲ್ಲಿಗೆ ಇಳಿಯಿತು. ತಮಾಷೆ ಎಂದರೆ, ದಪ್ಪ ಅಟ್ಟೆಗೆ ಹೆಸರಾದ ಹೋಕಾ ಕಂಪನಿ ಫ್ರಾನ್ಸ್‌ನಲ್ಲಿ ಹುಟ್ಟಿದ್ದೂ 2009ರಲ್ಲೇ. ಒಂದೇ ವರ್ಷ, ಒಂದೇ ಕಾಯಿಲೆ, ಎರಡು ತದ್ವಿರುದ್ಧ ಮದ್ದು.

ಪಾದ ನೆಲ ಮುಟ್ಟುವ ಕ್ಷಣ

ಓಡುವವರು ಒಂದು ಕಿಲೋಮೀಟರಿಗೆ ಸುಮಾರು ಸಾವಿರ ಹೆಜ್ಜೆ ಇಡುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಮೈತೂಕದ ಎರಡೂವರೆ ಪಟ್ಟಿನಷ್ಟು ಬಲ ಒಂದು ಕಾಲಿನ ಮೇಲೆ ಬೀಳುತ್ತದೆ. 60 ಕಿಲೋ ತೂಕದವರಿಗೆ ಅದು 150 ಕಿಲೋ ಹೊರೆ. ಹೇಗೆ ಇಳಿದರೂ ಈ ಒಟ್ಟು ಬಲದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅದು ಎಷ್ಟು ಬೇಗ ಬೀಳುತ್ತದೆ, ಯಾರು ತಡೆದುಕೊಳ್ಳುತ್ತಾರೆ ಎನ್ನುವುದರಲ್ಲಿ.

ಹಿಮ್ಮಡಿ ಮೊದಲು ಊರಿದರೆ, ನೆಲ ಮುಟ್ಟಿದ ತಕ್ಷಣ ಒಂದು ಚುರುಕಾದ ಏಟು ಬೀಳುತ್ತದೆ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಬಂದು ಹೋಗುವ ಏಟು. ಸ್ನಾಯುಗಳು ಎಚ್ಚೆತ್ತುಕೊಳ್ಳುವ ಮೊದಲೇ ಅದು ಮೂಳೆಯ ಮೂಲಕ ಮೇಲೆ ಹೋಗಿರುತ್ತದೆ. ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಹೀಗೆ ಇಳಿದರೆ ನೋಯುತ್ತದೆ. ಮೆತ್ತನೆ ಶೂ ಈ ಏಟನ್ನು ಸ್ವಲ್ಪ ನಿಧಾನ ಮಾಡುತ್ತದೆ, ನೋವು ಗೊತ್ತಾಗುವುದಿಲ್ಲ. ಹಾಗಾಗಿ ಶೂ ಹಾಕಿದವರು ಹಿಮ್ಮಡಿಯಲ್ಲೇ ಇಳಿಯುವುದನ್ನು ಕಲಿಯುತ್ತಾರೆ. ಇದು ಲೀಬರ್‌ಮನ್ ತಂಡದ ವಾದ, ಇಲ್ಲಿಯವರೆಗೆ ತರ್ಕ ಸರಿಯಾಗಿಯೇ ಇದೆ.

ಮುಂಗಾಲಲ್ಲಿ ಇಳಿದರೆ ಆ ಮೊದಲ ಏಟು ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಯಾಕೆ? ಹಿಮ್ಮಡಿ ಕೆಳಗೆ ಬರುವಷ್ಟರಲ್ಲಿ ಮೀನಖಂಡದ ಸ್ನಾಯು ಮತ್ತು ಅದನ್ನು ಹಿಮ್ಮಡಿಗೆ ಕಟ್ಟುವ ಅಕಿಲಿಸ್ ಸ್ನಾಯುರಜ್ಜು ಹಿಗ್ಗಿ ಭಾರವನ್ನು ತಡೆದಿರುತ್ತವೆ. ಏಟು ಎಲ್ಲಿಗೂ ಹೋಗಿಲ್ಲ. ಮೂಳೆಯ ಬದಲು ರಜ್ಜು ಅದನ್ನು ಹೊತ್ತಿದೆ. ಸಾಧಾರಣ ಓಟದಲ್ಲೇ ಅಕಿಲಿಸ್ ಮೇಲೆ ಮೈತೂಕದ ಆರೇಳು ಪಟ್ಟು ಎಳೆತ ಇರುತ್ತದೆ. ಮುಂಗಾಲಿನ ಓಟ ಅದನ್ನು ಇನ್ನೂ ಹೆಚ್ಚಿಸುತ್ತದೆ.

ಇಡೀ ವಿವಾದದ ಕೀಲಿ ಇಲ್ಲಿದೆ. ಇಳಿಯುವ ಬಗೆ ಬದಲಿಸಿದರೆ ಹೊರೆ ಜಾಗ ಬದಲಿಸುತ್ತದೆ. ಮಂಡಿಗೆ ಕಮ್ಮಿ, ಮೀನಖಂಡಕ್ಕೆ ಜಾಸ್ತಿ. ಮಂಡಿಚಿಪ್ಪಿನ ಹಿಂದೆ ನೋವಿರುವವರಿಗೆ ಇದು ಒಳ್ಳೆಯದಾಗಬಹುದು. ಅಕಿಲಿಸ್ ನೋವಿರುವವರಿಗೆ ಇದೇ ಸಲಹೆ ಬೆಂಕಿಗೆ ತುಪ್ಪ. ಒಂದೇ ರೀಲ್ ನೋಡಿ ಇಬ್ಬರೂ ಒಂದೇ ಥರ ಓಡಿದರೆ ಒಬ್ಬರು ಅದನ್ನು ಹೊಗಳುತ್ತಾರೆ, ಇನ್ನೊಬ್ಬರು ಫಿಸಿಯೋಥೆರಪಿಗೆ ಹೋಗುತ್ತಾರೆ.

ಲೆಕ್ಕಕ್ಕೆ ಸಿಕ್ಕ ಗಾಯಗಳು

ಬರಿಗಾಲಿನ ಪರ ಇರುವವರ ಬಲವಾದ ಆಧಾರ 2012ರದ್ದು. ಹಾರ್ವರ್ಡ್ ಕಾಲೇಜು ತಂಡದ 52 ಓಟಗಾರರಲ್ಲಿ, ಹಿಮ್ಮಡಿಯಲ್ಲಿ ಇಳಿಯುವವರಿಗೆ ಪದೇ ಪದೇ ಒತ್ತಡದಿಂದ ಆಗುವ ಗಾಯಗಳು ಮುಂಗಾಲಿನವರಿಗಿಂತ ಸುಮಾರು ಎರಡು ಪಟ್ಟು ಇದ್ದವು. ಆದರೆ ಇವರೆಲ್ಲ ಮೊದಲಿನಿಂದಲೂ ಹಾಗೆಯೇ ಓಡುತ್ತಿದ್ದವರು. ಹಿಮ್ಮಡಿಯಿಂದ ಮುಂಗಾಲಿಗೆ ಬದಲಾದವರಲ್ಲ. ಇದು ಸಣ್ಣ ಮಾತಲ್ಲ, ಯಾಕೆಂದರೆ ಸಲಹೆ ಬೇಕಾಗಿರುವುದು ಬದಲಾಗಲು ಹೊರಟವರಿಗೆ.

ಬದಲಾಗಲು ಹೊರಟವರ ಮೇಲೆ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ರಿಜ್ ತಂಡ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿತು. ಅನುಭವವಿದ್ದ 36 ಓಟಗಾರರಲ್ಲಿ 19 ಮಂದಿ ಹತ್ತು ವಾರಗಳಲ್ಲಿ ನಿಧಾನವಾಗಿ ಫೈವ್‌ಫಿಂಗರ್ಸ್‌ಗೆ ಬದಲಾದರು, ಉಳಿದವರು ತಮ್ಮ ಶೂನಲ್ಲೇ ಓಡಿದರು. ಮುಂಚೆ, ಆಮೇಲೆ ಎರಡೂ ಸಲ ಎಂಆರ್‌ಐ ತೆಗೆದರು. ಬದಲಾದವರಲ್ಲಿ 10 ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ಇಬ್ಬರಿಗೆ ಮೂಳೆ ಬಿರುಕೇ ಬಿಟ್ಟಿತ್ತು. ಹಳೆ ಶೂನವರಲ್ಲಿ ಅಂಥ ಊತ ಕಂಡದ್ದು ಒಬ್ಬರಲ್ಲಿ ಮಾತ್ರ. ನಿಧಾನ ಎಂದು ಅಂದುಕೊಂಡ ಹತ್ತು ವಾರವೂ ಮೂಳೆಗೆ ಆತುರವೇ ಆಗಿತ್ತು.

2016ರಲ್ಲಿ ಇನ್ನೊಂದು ಅಧ್ಯಯನ ಬಂತು. ಬರಿಗಾಲಲ್ಲೇ ಓಡುವವರನ್ನೂ ಶೂ ಹಾಕಿ ಓಡುವವರನ್ನೂ ಸೇರಿಸಿ 201 ಮಂದಿಯನ್ನು ಒಂದು ವರ್ಷ ಗಮನಿಸಿದರು. ಬರಿಗಾಲಿನವರಿಗೆ ಒಟ್ಟು ಗಾಯ ಕಮ್ಮಿ ಇತ್ತು. ಆದರೆ ಅವರು ಓಡಿದ ದೂರವೂ ಕಮ್ಮಿಯೇ. ದೂರಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ ಎರಡೂ ಗುಂಪು ಹೆಚ್ಚುಕಮ್ಮಿ ಸಮ. ಗಾಯದ ಜಾಗ ಮಾತ್ರ ಬೇರೆ. ಬರಿಗಾಲಿನವರಿಗೆ ಅಂಗಾಲಿನ ಚರ್ಮ ಮತ್ತು ಮೀನಖಂಡದ ತೊಂದರೆ ಜಾಸ್ತಿ, ಮಂಡಿ ಮತ್ತು ಸೊಂಟದ್ದು ಕಮ್ಮಿ. ಮೇಲೆ ಹೇಳಿದ ಹೊರೆಯ ಲೆಕ್ಕ ಇಲ್ಲಿ ಅಂಕಿಯಲ್ಲೇ ಕಾಣುತ್ತದೆ.

ಮೈತೂಕದ ಪಾತ್ರವೂ ಇದೆ. 2017ರ ಒಂದು ಪ್ರಯೋಗದಲ್ಲಿ ತೆಳು ಶೂ ಹಾಕಿದ ಭಾರದ ಓಟಗಾರರಿಗೆ ಗಾಯದ ಅಪಾಯ ಎದ್ದು ಕಂಡಿತು. 71 ಕಿಲೋ ದಾಟಿದವರಲ್ಲಿ ಅದು ಸ್ಪಷ್ಟವಾಗಿತ್ತು. ತೂಕ ಇಳಿಸಲೆಂದು ಓಟ ಶುರುಮಾಡುವವರು ಇದನ್ನು ಒಮ್ಮೆ ಯೋಚಿಸಬೇಕು.

ಬರಿಗಾಲಿನವರೆಲ್ಲ ಮುಂಗಾಲಲ್ಲೇ ಓಡುತ್ತಾರಾ?

ಇಲ್ಲ. ಕೀನ್ಯಾದ ಉತ್ತರ ಭಾಗದ ದಾಸನಾಚ್ ಜನ ಬಹುಮಟ್ಟಿಗೆ ಬರಿಗಾಲಲ್ಲೇ ಬದುಕುವವರು. 2013ರಲ್ಲಿ ಅವರಲ್ಲಿ 38 ಮಂದಿಯನ್ನು ಓಡಿಸಿ ನೋಡಿದಾಗ, ತಮಗೆ ಹಿತವಾದ ವೇಗದಲ್ಲಿ 72 ಶೇಕಡಾ ಸಲ ಹಿಮ್ಮಡಿಯೇ ಮೊದಲು ನೆಲ ಮುಟ್ಟಿತು. ವೇಗ ಹೆಚ್ಚಿಸಿದಾಗ ಹಿಮ್ಮಡಿಯ ಪಾಲು ಇಳಿಯಿತು. ಅಂದರೆ ಬರಿಗಾಲು ಎನ್ನುವುದೊಂದೇ ಕಾರಣವಲ್ಲ. ವೇಗ, ನೆಲ, ರೂಢಿ ಎಲ್ಲವೂ ಸೇರಿ ಕಾಲು ತೀರ್ಮಾನ ಮಾಡುತ್ತದೆ.

ನೆಲದ ಮಾತಿಗೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆ ಇದೆ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ದೇಶವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿದ್ದು ನೆನಪಿರಬಹುದು. ಆಗ ಅವರು ಹೇಳಿದ ಒಂದು ಮಾತು ಸುದ್ದಿಯ ಗದ್ದಲದಲ್ಲಿ ಕಳೆದುಹೋಯಿತು. ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕ್‌ನಲ್ಲಿ ಬೆರಳಿಗೆ ಕೆಲಸ, ಮೇಲಾಗಿ ಕಂಬಳದಲ್ಲಿ ಕೋಣಗಳ ಪಾಲೂ ಇದೆ, ಎರಡನ್ನೂ ಹೋಲಿಸಲಾಗದು ಎಂದು ಅವರು ಹೇಳಿದ್ದರು. ಪ್ರಯೋಗಾಲಯದವರು ವರ್ಷಗಟ್ಟಲೆ ವಾದಿಸಿದ ವಿಷಯ ಕೋಣ ಓಡಿಸುವವರಿಗೆ ಅನುಭವದಲ್ಲೇ ಗೊತ್ತಿತ್ತು. ಕೆಸರು ಮೆತ್ತಗಿದೆ, ಹಿಮ್ಮಡಿ ಊರಿದರೆ ಏಟು ಬೀಳುವುದಿಲ್ಲ. ಗಟ್ಟಿ ಟ್ರ್ಯಾಕ್‌ನಲ್ಲಿ ಅದೇ ವೇಗದಲ್ಲಿ ಹಿಮ್ಮಡಿ ಊರಲು ಯಾರಿಗೂ ಆಗದು.

ಇನ್ನು ಜಗತ್ತಿನ ಅತ್ಯುತ್ತಮ ಓಟಗಾರರು? 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನ್ ಅನ್ನು ವೀಡಿಯೋದಲ್ಲಿ ಹಿಡಿದು ನೋಡಿದರು. ಓಟದ ಯಾವ ಹಂತದಲ್ಲೂ ಹಿಮ್ಮಡಿಯಲ್ಲಿ ಇಳಿಯುತ್ತಿದ್ದವರು ಗಂಡಸರಲ್ಲಿ 54 ಶೇಕಡಾಕ್ಕಿಂತ, ಹೆಂಗಸರಲ್ಲಿ 67 ಶೇಕಡಾಕ್ಕಿಂತ ಕಮ್ಮಿ ಇರಲಿಲ್ಲ. ಹಿಮ್ಮಡಿ ಊರುವುದು ತಪ್ಪು ಓಟ ಎನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಾ? ಗಾಯ ತಪ್ಪಿಸಲೆಂದೋ ಶ್ರಮ ಉಳಿಸಲೆಂದೋ ಹಿಮ್ಮಡಿಯವರನ್ನು ಮುಂಗಾಲಿಗೆ ಬದಲಿಸಲು ಪುರಾವೆ ಸಾಲದು ಎಂದು 2020ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ಸಂಶೋಧಕರೂ ಹೇಳಿದರು.

ಶೂ ಪರ ವಾದ ಎಷ್ಟು ಗಟ್ಟಿ?

ಬರಿಗಾಲಿನ ವಾದ ಸಡಿಲವಾಯಿತು ಎಂದ ಮಾತ್ರಕ್ಕೆ ಶೂ ಅಂಗಡಿಯವರ ವಾದ ಗೆದ್ದಂತಲ್ಲ. ಪಾದದ ಆಕಾರ ನೋಡಿ ಶೂ ಕೊಡುವ ಪದ್ಧತಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ಮರೀನ್ ಪಡೆಯಲ್ಲಿ ಹೊಸದಾಗಿ ಸೇರಿದವರ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪಿಗೆ ಪಾದದ ಕಮಾನು ನೋಡಿ ಶೂ, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಬಗೆಯ ಶೂ. ಮೂರೂ ಕಡೆ ಗಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಕೂಡಿಸಿ ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 12 ಪ್ರಯೋಗಗಳ, 11 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿತು. ಯಾವ ಬಗೆಯ ಶೂ ಗಾಯ ತಡೆಯುತ್ತದೆ ಎಂದು ಖಚಿತವಾಗಿ ಹೇಳಲು ಅದಕ್ಕೂ ಆಗಲಿಲ್ಲ. ಇದ್ದ ಪುರಾವೆಯ ಗುಣಮಟ್ಟವೇ ಕಳಪೆ ಎಂದಿತು. ಅರ್ಧ ಶತಮಾನದ ಮಾರಾಟದ ನಂತರ ಇಷ್ಟೇ ಗೊತ್ತು ಎನ್ನುವುದು ನಾಚಿಕೆಯ ಸಂಗತಿ.

ಮೆತ್ತೆಯ ಪರವಾಗಿ ಒಂದು ಒಳ್ಳೆಯ ಪ್ರಯೋಗ ಇದೆ. ಲಕ್ಸೆಂಬರ್ಗ್‌ನಲ್ಲಿ 848 ಓಟಗಾರರಿಗೆ ನೋಡಲು ಒಂದೇ ಥರದ ಶೂ ಕೊಟ್ಟರು. ಕೆಲವರದ್ದು ಮೆತ್ತಗೆ, ಕೆಲವರದ್ದು ಗಟ್ಟಿ. ಯಾರದ್ದು ಯಾವುದು ಎಂದು ಅವರಿಗೂ ಗೊತ್ತಿಲ್ಲ. ಆರು ತಿಂಗಳಲ್ಲಿ ಗಟ್ಟಿ ಶೂ ಹಾಕಿದವರಿಗೆ ಗಾಯದ ಅಪಾಯ ಒಂದೂವರೆ ಪಟ್ಟು ಇತ್ತು. ವಿಚಿತ್ರ ಎಂದರೆ, ಮೆತ್ತೆಯಿಂದ ಲಾಭವಾದದ್ದು ಹಗುರ ಮೈಯವರಿಗೆ. ಭಾರ ಜಾಸ್ತಿ ಇದ್ದವರಿಗೆ ಮೆತ್ತೆ ಜಾಸ್ತಿ ಬೇಕು ಎಂಬ ಅಂಗಡಿಯ ಲೆಕ್ಕ ಇಲ್ಲಿ ತಲೆಕೆಳಗಾಯಿತು. ಈ ಪ್ರಯೋಗದಲ್ಲಿ ಶೂ ಮಾರುವ ಡೆಕಾಥ್ಲಾನ್ ಕಂಪನಿಯ ಪಾಲೂ ಇತ್ತು ಎಂಬುದನ್ನು ಮರೆಯುವಂತಿಲ್ಲ. ವೈಬ್ರಮ್‌ಗೆ ಹಿಡಿದ ಕನ್ನಡಿಯನ್ನು ಇವರಿಗೂ ಹಿಡಿಯಬೇಕಲ್ವಾ.

ಕಾರ್ಬನ್ ತಗಡಿನ ಶೂಗಳ ಬಗ್ಗೆಯೂ ಒಂದು ಎಚ್ಚರಿಕೆ ಬಂದಿದೆ. ಅವನ್ನು ಬಳಸುತ್ತಿದ್ದ ಐವರು ಓಟಗಾರರಿಗೆ ಪಾದದ ನಡುವಿನ ನೇವಿಕ್ಯುಲರ್ ಎಂಬ ಮೂಳೆಗೆ ಒತ್ತಡದ ಗಾಯವಾದದ್ದನ್ನು ವೈದ್ಯರು 2023ರಲ್ಲಿ ದಾಖಲಿಸಿದರು. ಐದೇ ಪ್ರಕರಣಗಳಿಂದ ಶೂವನ್ನೇ ದೂರುವಂತಿಲ್ಲ. ಆದರೆ ಕಾರಣ ಊಹಿಸಲು ಕಷ್ಟವಿಲ್ಲ. ತಗಡು ಬೆರಳುಗಳನ್ನು ಬಾಗಲು ಬಿಡುವುದಿಲ್ಲ, ಆ ಕೆಲಸದ ಹೊರೆ ಪಾದದ ಬೇರೆ ಕಡೆಗೆ ಹೋಗುತ್ತದೆ. ಬರಿಗಾಲಿಗೆ ಬದಲಾದವರ ಕತೆಯೂ ಇದೇ ತಾನೇ?

ಉಸಿರು ಬೇಗ, ಮೂಳೆ ನಿಧಾನ

ಈಗ 2025ರ ಅಧ್ಯಯನಕ್ಕೆ ಬರೋಣ. ಹಿಂದಿನ 30 ದಿನಗಳಲ್ಲಿ ಓಡಿದ ಅತಿ ದೂರದ ಓಟಕ್ಕಿಂತ 10 ಶೇಕಡಾಕ್ಕೂ ಜಾಸ್ತಿ ಒಂದೇ ಸಲ ಓಡಿದಾಗ ಗಾಯದ ಅಪಾಯ ಏರಿತು. ಎರಡು ಪಟ್ಟಿಗೂ ಮೀರಿ ಓಡಿದವರಿಗೆ ಅಪಾಯವೂ ಎರಡು ಪಟ್ಟಿಗಿಂತ ಹೆಚ್ಚಾಯಿತು. ವಾರಕ್ಕೆ ಒಟ್ಟು ದೂರವನ್ನು 10 ಶೇಕಡಾಕ್ಕಿಂತ ಹೆಚ್ಚಿಸಬೇಡಿ ಎಂಬ ಹಳೆಯ ನಿಯಮವಿದೆಯಲ್ಲ, ಆ ವಾರದ ಲೆಕ್ಕಕ್ಕೂ ಗಾಯಕ್ಕೂ ಅಂಥ ನಂಟು ಸಿಗಲಿಲ್ಲ. ಇದರಲ್ಲಿ ಭಾಗವಹಿಸಿದವರೆಲ್ಲ ಓಟದ ದೂರ ಅಳೆಯುವ ಗಾರ್ಮಿನ್ ವಾಚ್ ಕಟ್ಟಿದವರು, ಹೆಚ್ಚಿನವರು ಗಂಡಸರು, ಸರಾಸರಿ ವಯಸ್ಸು ನಲವತ್ತೈದರ ಆಸುಪಾಸು. ಹೊಸದಾಗಿ ಓಟ ಶುರು ಮಾಡಿದ ಕಾಲೇಜು ಹುಡುಗಿಗೆ ಇದೇ ಅಂಕಿ ಹೊಂದುತ್ತದೆ ಎನ್ನಲಾಗದು. ಆದರೂ ಹಿಂದಿನ ಪ್ರಯೋಗಗಳ ಪಕ್ಕದಲ್ಲಿ ಇಟ್ಟು ನೋಡಿದರೆ ಚಿತ್ರ ಕೂಡಿಬರುತ್ತದೆ.

ಓಟ ಶುರುಮಾಡಿದ ಕೆಲವೇ ವಾರಗಳಲ್ಲಿ ಉಸಿರು ಸುಧಾರಿಸುತ್ತದೆ. ಸ್ನಾಯುಗಳೂ ಬೇಗ ಹೊಂದಿಕೊಳ್ಳುತ್ತವೆ. ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಮೂಳೆಯದ್ದು ಇನ್ನೂ ಬೇರೆ ಲೆಕ್ಕ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಳ್ಳುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಡುವಿನ ಆ ಕೆಲವು ವಾರ ಮೂಳೆ ಮೊದಲಿಗಿಂತ ದುರ್ಬಲ. ಓಟಗಾರರಿಗೆ 'ಈಗ ಆರಾಮಾಗಿ ಓಡ್ತೀನಿ' ಎನ್ನಿಸುವುದೂ ಸರಿಯಾಗಿ ಆಗಲೇ. ಉಸಿರು ಸಾಥ್ ಕೊಡುತ್ತಿದೆ, ಐದರ ಜಾಗದಲ್ಲಿ ಹತ್ತು ಕಿಲೋಮೀಟರ್ ಓಡುತ್ತಾರೆ. ಪಾದದ ಮೂಳೆಗೆ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ.

ಶೂ ಬದಲಿಸುವುದೂ ದೂರ ಹೆಚ್ಚಿಸಿದಂತೆಯೇ ಎಂದು ತಿಳಿದರೆ ಎಲ್ಲವೂ ಒಂದೇ ದಾರಿಗೆ ಬರುತ್ತದೆ. 12 ಮಿಲಿಮೀಟರ್ ಹಿಮ್ಮಡಿಯ ಶೂ ಬಿಟ್ಟು ಬರಿಗಾಲಲ್ಲಿ ಅದೇ ಐದು ಕಿಲೋಮೀಟರ್ ಓಡಿದರೆ, ವಾಚ್ ಐದು ಎಂದೇ ತೋರಿಸುತ್ತದೆ. ಮೀನಖಂಡಕ್ಕೆ ಮಾತ್ರ ಅದು ಹತ್ತೋ ಹನ್ನೆರಡೋ ಅನ್ನಿಸಿರುತ್ತದೆ. ವಾಚ್‌ಗೆ ಕಾಣದ ಈ ಏರಿಕೆಯೇ 2010ರ ನಂತರ ಬರಿಗಾಲಿಗೆ ಇಳಿದ ಎಷ್ಟೋ ಓಟಗಾರರನ್ನು ಕಾಡಿದ್ದು ಎನ್ನುವುದು ನನ್ನ ಲೆಕ್ಕಾಚಾರ.

ಮಣಿಪಾಲದ ಹಳೆಯ ಅಧ್ಯಯನ

ಹಾಗಾದರೆ ಬರಿಗಾಲಿನಿಂದ ಲಾಭವೇ ಇಲ್ಲವಾ? ಇದೆ. ಅದು ಓಟಕ್ಕಿಂತ ನಡಿಗೆಯಲ್ಲಿ ಜಾಸ್ತಿ ಕಾಣುತ್ತದೆ. ಇದಕ್ಕೆ ಜಗತ್ತು ಇಂದಿಗೂ ಉಲ್ಲೇಖಿಸುವ ಪುರಾವೆ ಹೊರಟದ್ದು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಿಂದ. ಮೂಳೆವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ 8.6 ಶೇಕಡಾ, ಬರಿಗಾಲ ಮಕ್ಕಳಲ್ಲಿ 2.8 ಶೇಕಡಾ. ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಮ್ಮಿ. ಪಾದದ ಕಮಾನು ಗಟ್ಟಿಯಾಗುವ ವಯಸ್ಸಿನಲ್ಲಿ ಮಕ್ಕಳು ಮನೆಯಂಗಳದಲ್ಲಿ, ಮೈದಾನದಲ್ಲಿ ಬರಿಗಾಲಲ್ಲಿ ಆಡಲಿ ಎನ್ನಲು ಇಷ್ಟು ಸಾಕು. ಇಡೀ ದಿನ ಕಪ್ಪು ಶೂ, ಕಾಲುಚೀಲ ಕಡ್ಡಾಯ ಮಾಡುವ ಶಾಲೆಗಳು ಇದನ್ನು ಯಾವತ್ತೋ ಓದಬೇಕಿತ್ತು.

ದೊಡ್ಡವರಿಗೂ ದಾರಿ ಇದೆ. ಫೈವ್‌ಫಿಂಗರ್ಸ್ ಓಟದಿಂದ ಮೂಳೆ ಊದಿದ್ದನ್ನು ತೋರಿಸಿದ ಅದೇ ಸಾರಾ ರಿಜ್ 2019ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ತೆಳು ಅಟ್ಟೆಯ ಶೂನಲ್ಲಿ ಸುಮ್ನೆ ನಡೆದಾಡಿದವರ ಪಾದದ ಸ್ನಾಯುಗಳು ಎಂಟು ವಾರಗಳಲ್ಲಿ, ಪಾದದ ವ್ಯಾಯಾಮ ಮಾಡಿದವರಷ್ಟೇ ಬಲವಾದವು. ಬ್ರೆಜಿಲ್‌ನ ಸಾವೋ ಪಾಲೋದಲ್ಲಿ 118 ಓಟಗಾರರ ಮೇಲೆ ನಡೆದ ಪ್ರಯೋಗ 2020ರಲ್ಲಿ ಬಂತು. ಪಾದ ಮತ್ತು ಕಣಕಾಲಿನ ವ್ಯಾಯಾಮ ಮಾಡದವರಿಗೆ, ಮಾಡಿದವರಿಗಿಂತ ಗಾಯದ ಸಂಭವ 2.4 ಪಟ್ಟು ಇತ್ತು. ಶೂ ಯಾವುದೇ ಇರಲಿ, ಈ ಲಾಭ ಸಿಗುತ್ತದೆ. ಇದರಲ್ಲಿ ಮಾರಲು ಏನೂ ಇಲ್ಲ, ಅದಕ್ಕೇ ಇದರ ಜಾಹೀರಾತು ಎಲ್ಲೂ ಕಾಣುವುದಿಲ್ಲ.

ಬದಲಿಸಬೇಕಾದವರು, ಬದಲಿಸಬಾರದವರು

ನೋವಿಲ್ಲದೆ ಓಡುತ್ತಿರುವವರು ಏನನ್ನೂ ಬದಲಿಸಬೇಕಾಗಿಲ್ಲ. ಹಿಮ್ಮಡಿಯಲ್ಲಿ ಇಳಿದರೂ ಸರಿ. ಪದೇ ಪದೇ ಮಂಡಿ ನೋಯುವವರು ಮುಂಗಾಲಿಗೆ ಹೋಗುವ ಮೊದಲು ಸುಲಭದ ದಾರಿ ನೋಡಬಹುದು. ವೇಗ ಅಷ್ಟೇ ಇಟ್ಟು ಹೆಜ್ಜೆ ಸ್ವಲ್ಪ ಗಿಡ್ಡ ಮಾಡುವುದು, ನಿಮಿಷದ ಹೆಜ್ಜೆಗಳನ್ನು 5 ಶೇಕಡಾದಷ್ಟು ಹೆಚ್ಚಿಸುವುದು. ನಿಮಿಷಕ್ಕೆ 160 ಇದ್ದವರು 168ಕ್ಕೆ ಹೋದರೆ ಸಾಕು. ಪಾದ ಮೈಗಿಂತ ಬಹಳ ಮುಂದೆ ಹೋಗಿ ಬೀಳುವುದು ತಪ್ಪುತ್ತದೆ, ಮಂಡಿಯ ಮೇಲಿನ ಭಾರ ಇಳಿಯುತ್ತದೆ. ಎಲ್ಲರೂ 180 ಹೆಜ್ಜೆ ಹಾಕಲೇಬೇಕು ಎನ್ನುವ ಮಾತಿಗೆ ಅರ್ಥವಿಲ್ಲ. ಉದ್ದ ಕಾಲಿನವರ ಹೆಜ್ಜೆಯೇ ಬೇರೆ.

ಇಷ್ಟಾಗಿಯೂ ಬರಿಗಾಲಲ್ಲಿ ಓಡಲೇಬೇಕು ಎನ್ನುವವರು ಹತ್ತು ವಾರದ ಲೆಕ್ಕ ಮರೆತು ವರ್ಷದ ಲೆಕ್ಕ ಹಾಕಬೇಕು. ಮೊದಲ ಕೆಲವು ತಿಂಗಳು ಬರೀ ನಡಿಗೆ. ಆಮೇಲೆ ರೂಢಿಯ ಓಟ ಮುಗಿದ ಮೇಲೆ ಕೆಲವೇ ನಿಮಿಷ, ದಿನ ಬಿಟ್ಟು ದಿನ. ಮೀನಖಂಡ ಬಿಗಿಯುವುದು ಸಹಜ. ಪಾದದ ಮೇಲ್ಭಾಗದಲ್ಲಿ ಒಂದೇ ಜಾಗ ಒತ್ತಿದರೆ ನೋಯುತ್ತಿದ್ದರೆ ಅದು ಸಹಜವಲ್ಲ. ಅದು ಮೂಳೆಯ ನೋವು, ಓಟ ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಅಕಿಲಿಸ್ ನೋವು ಈಗಾಗಲೇ ಇರುವವರು, ಹಿಂದೆ ಪಾದದ ಮೂಳೆ ಬಿರುಕು ಬಿಟ್ಟವರು ಈ ದಾರಿಗೆ ಬರದಿದ್ದರೇ ವಾಸಿ.

ಅಮೆರಿಕದ ರೀಲ್ಸ್‌ಗಳಲ್ಲಿ ಬರದ ಒಂದು ವಿಷಯ ನಮ್ಮಲ್ಲಿ ದೊಡ್ಡದು. ಗಾಜಿನ ಚೂರು, ಮೊಳೆ, ಕಾದ ಟಾರು ರಸ್ತೆ ಹೇಗೂ ಇವೆ. ಅವಕ್ಕಿಂತ ಅಪಾಯದ್ದು ಸಕ್ಕರೆ ಕಾಯಿಲೆ. 2023ರಲ್ಲಿ ಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರು ವ್ಯಾಯಾಮ ಮಾಡಿ ಎಂದದ್ದಕ್ಕೇ ಪಾರ್ಕಿಗೆ ಬರುವವರಲ್ಲಿ ಇವರೂ ಇದ್ದಾರೆ. ಕಾಯಿಲೆ ಹಳೆಯದಾದಂತೆ ಅಂಗಾಲಿನ ನರಗಳ ಸ್ಪರ್ಶ ಸದ್ದಿಲ್ಲದೆ ಕುಂದುತ್ತದೆ. ಬರಿಗಾಲಿನ ಓಟದ ಇಡೀ ವಾದ ನಿಂತಿರುವುದೇ ನೆಲ ಪಾದಕ್ಕೆ ಗೊತ್ತಾಗುತ್ತದೆ, ಪಾದ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದರ ಮೇಲೆ. ನೆಲವೇ ಗೊತ್ತಾಗದ ಪಾದಕ್ಕೆ ಆ ಕಾವಲು ಇರುವುದಿಲ್ಲ. ಚುಚ್ಚಿದ್ದು ತಿಳಿಯುವುದಿಲ್ಲ, ಹುಣ್ಣು ಬೇಗ ಮಾಯುವುದಿಲ್ಲ. ಇಂಥವರಿಗೆ ಮನೆಯೊಳಗೂ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿಕೊಂಡೇ ಓಡಾಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಸಕ್ಕರೆ ಕಾಯಿಲೆ ಇದ್ದು ಶೂ ಬಿಚ್ಚುವ ಆಸೆಯೂ ಇರುವವರು ಮೊದಲು ಒಂದು ಪರೀಕ್ಷೆ ಮಾಡಿಸಬೇಕು. ತೆಳ್ಳನೆಯ ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಕಡೆ ಬಾಗುವವರೆಗೆ ಒತ್ತಿ, ಅದು ತಿಳಿಯುತ್ತದೆಯೇ ಎಂದು ಕಣ್ಣು ಮುಚ್ಚಿಸಿ ಕೇಳುತ್ತಾರೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಒಂದು ಕಡೆಯಾದರೂ ಎಳೆ ತಗುಲಿದ್ದು ಗೊತ್ತಾಗದಿದ್ದರೆ ಶೂ ಕಾಲಲ್ಲೇ ಇರಲಿ.